ಐದು ಗಂಟೆಗೆ ಬಂದವನು

ಬುಧವಾರ ಸಂಜೆ ಆರೂವರೆ ಅಂದರೆ ಆರೂವರೆ. ಇದು ನನ್ನ ಮಾತಲ್ಲ, ನಮ್ಮ ಬೈಬಲ್ ಓದುವ ಗುಂಪಿನ ವಾಟ್ಸಾಪಿನಲ್ಲಿ ಪ್ರತಿ ಮಂಗಳವಾರ ರಾತ್ರಿ ಬರುವ ಸಂದೇಶ. ಅದನ್ನು ನಂಬಿ ಆರು ಇಪ್ಪತ್ತೈದಕ್ಕೇ ಹೋಗಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗಿಂದ ಒಂದನ್ನು ಕೀಳುವವನು ಮಾತ್ರ ನಾನು. ಚಿಕ್ಕಮಗಳೂರಿನ ಮಳೆಗಾಲದಲ್ಲಿ ಆ ಕುರ್ಚಿಗಳು ಅಣ್ಣ ತಮ್ಮಂದಿರ ಹಾಗೆ ಅಂಟಿಕೊಂಡಿರುತ್ತವೆ. ಕೆಳಗಿನದನ್ನು ಕಾಲಲ್ಲಿ ಅದುಮಿ ಮೇಲಿನದನ್ನು ಎಳೆಯಬೇಕು. ಎಳೆದ ರಭಸಕ್ಕೆ ಹಿಂದಕ್ಕೆ ಬಿದ್ದದ್ದೂ ಉಂಟು.

ಏಳೂಮುಕ್ಕಾಲಕ್ಕೆ ಕೊನೆಯ ಪ್ರಾರ್ಥನೆ. ಎಲ್ಲರೂ ಕಣ್ಣು ಮುಚ್ಚಿದ ಮೇಲೆ ಗೇಟಿನ ಚಿಲಕದ ಸದ್ದಾಗುತ್ತದೆ. ಕಣ್ಣು ತೆರೆಯದೆಯೇ ಗೊತ್ತು, ಇನ್ಶೂರೆನ್ಸಿನ ಹುಡುಗ ಬಂದ. ಬಂದವನು ನಮ್ಮೆಲ್ಲರಿಗಿಂತ ಜೋರಾಗಿ ಆಮೆನ್ ಅನ್ನುತ್ತಾನೆ. ಆಮೆನ್ ಆದ ಕೂಡಲೇ ಒಳಗಿನಿಂದ ಬಿಸಿ ಅಂಬೊಡೆ ಬರುತ್ತದೆ, ತಲೆಗೆ ಎರಡು. ಅವನಿಗೂ ಎರಡು.

ಹೋದ ವಾರ ನನ್ನ ಬಾಯಿ ಸುಮ್ಮನಿರಲಿಲ್ಲ. "ಏನಪ್ಪಾ, ಎಣ್ಣೆ ವಾಸನೆ ಹಿಡ್ಕೊಂಡು ಬಂದ್ಯಾ?" ಅಂದೆ. ನಗುತ್ತಲೇ ಅಂದೆ. ಅವನೂ ನಗುತ್ತಲೇ ಅಂಬೊಡೆ ಮುರಿದು, "ಮತ್ತಾಯ ಇಪ್ಪತ್ತು ಓದಿ ಸಾರ್" ಅಂದ. ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ನಗು ಇನ್ನೂ ಗಂಟಲಲ್ಲೇ ಇದೆ.

ನಮ್ಮಲ್ಲಿ ಇದೊಂದು ಚಾಳಿ. ಬೈಬಲಿನ ವಾಕ್ಯವನ್ನು ಓದುವುದಕ್ಕಿಂತ ಎಸೆಯುವುದು ಹೆಚ್ಚು. ಪೂರ್ತಿ ಹೇಳುವುದೂ ಇಲ್ಲ, ಪುಸ್ತಕದ ಹೆಸರು, ಅಧ್ಯಾಯ ಮತ್ತು ವಾಕ್ಯದ ಬರೀ ನಂಬರು. ನಮ್ಮ ಗುಂಪಿನಲ್ಲೇ ಒಬ್ಬರ ವರ್ಕ್‌ಶಾಪ್ ಇದೆ. ನನ್ನ ಸ್ಕೂಟರ್ ಯಾವಾಗ ಕೊಡ್ತೀರಿ ಅಂತ ಕೇಳಿದರೆ "ಪ್ರಸಂಗಿ ಮೂರು ಒಂದು" ಅನ್ನುತ್ತಾರೆ. ಪ್ರತಿಯೊಂದಕ್ಕೂ ತಕ್ಕ ಕಾಲವುಂಟು ಅಂತ. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರಿದ್ದಾರೆ. ಚರ್ಚಿನ ಗೋಡೆಗೆ ಸುಣ್ಣ ಬಳಿಸಲು ಚಂದಾ ಪುಸ್ತಕ ಹಿಡಿದು ಹೋದರೆ "ಮತ್ತಾಯ ಆರು ಮೂರು" ಅನ್ನುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ. ಅವರ ಬಲಗೈ ಕೊಟ್ಟದ್ದು ಚಂದಾ ಪುಸ್ತಕಕ್ಕೂ ಈವರೆಗೆ ತಿಳಿದಿಲ್ಲ. ಮಾರ್ಥ ಒಳಗೆ ಅಡುಗೆಗೆ ಒದ್ದಾಡುತ್ತಿದ್ದರೆ ಮರಿಯ ಬಂದು ಯೇಸುವಿನ ಪಾದದ ಬಳಿ ಕೂತು ಕೇಳಿಸಿಕೊಂಡ ಕತೆ ಲೂಕನ ಹತ್ತನೇ ಅಧ್ಯಾಯದಲ್ಲಿದೆ. ಆ ಅಧ್ಯಾಯಕ್ಕೆ ಮಾತ್ರ ನಾವು ಇನ್ನೂ ಕೈ ಹಾಕಿಲ್ಲ. ಹಾಕಿದರೆ ಅಂಬೊಡೆಗೆ ಕುತ್ತು.

ನಾವಿರುವುದು ಏಳು ಗಂಡಸರು, ಹೋಗುವುದು ಮೂರು ಚರ್ಚಿಗೆ. ಕರ್ತನ ಪ್ರಾರ್ಥನೆಯ ಮೊದಲ ಪದಕ್ಕೇ ದಾರಿ ಕವಲೊಡೆಯುತ್ತದೆ. ಕೆಲವರು "ಪರಲೋಕ" ಅನ್ನುವಾಗ ಕ್ಯಾಥೊಲಿಕರು "ಸ್ವರ್ಗ" ಅನ್ನುತ್ತಾರೆ. ಆಮೇಲೆ ನಾವು ನಿನ್ನ ನಾಮ ಅಂದರೆ ಅವರು ನಿಮ್ಮ ನಾಮ. ನಾವು ಸುವಾರ್ತೆ ಅಂದದ್ದು ಅವರಿಗೆ ಶುಭಸಂದೇಶ. ನಮ್ಮ ಬೈಬಲಿನಲ್ಲಿ 66 ಪುಸ್ತಕ, ಅವರದರಲ್ಲಿ 73. "ನಮ್ದು ಏಳು ಜಾಸ್ತಿ, ದುಡ್ಡಿಗೆ ಮೋಸ ಇಲ್ಲ" ಅನ್ನುವವರು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಒಬ್ಬರು. ಅವರ ಹಿರಿಯರ ಊರು ಶೆಟ್ಟಿಹಳ್ಳಿ. ಹೌದು, ಅದೇ, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಇಗರ್ಜಿ, ಗೊರೂರಿನ ಅಣೆಕಟ್ಟು ಬಂದ ಮೇಲೆ ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲ ಬಂತೆಂದರೆ ಮುಳುಗುವುದು, ಬೇಸಿಗೆಗೆ ಎದ್ದು ನಿಂತು ಫೋಟೋ ತೆಗೆಸಿಕೊಳ್ಳುವುದು. ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತ, ಮರಳಿನ ಮೇಲೆ ಕಟ್ಟಿದ ಬುದ್ಧಿಗೇಡಿ, ಈ ಸಾಮ್ಯ ಬಂದಾಗಲೆಲ್ಲ ಅವರು ಕೈ ಎತ್ತುತ್ತಾರೆ. "ಬಂಡೆ ಮೇಲೆ ಕಟ್ಟಿದ್ರೂ ಸರ್ಕಾರ ಅಣೆಕಟ್ಟು ಕಟ್ಟಿದ್ರೆ ಎಂಥ ಮಾಡೋದು ಸ್ವಾಮಿ?" ಇದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಎಸೆಯಲು ನಂಬರಿಲ್ಲ.

ಇರಲಿ. ಮತ್ತಾಯ ಇಪ್ಪತ್ತಕ್ಕೆ ಬರುತ್ತೇನೆ. ಅವತ್ತು ಅಂಬೊಡೆ ತಿನ್ನುತ್ತಲೇ ಯಾರೋ ಅಧ್ಯಾಯವನ್ನು ಫೋನಿನಲ್ಲಿ ತೆಗೆದು ಓದಿಯೂಬಿಟ್ಟರು. ದ್ರಾಕ್ಷಿ ತೋಟದ ಯಜಮಾನ ಬೆಳಗಾಗುತ್ತಲೇ ಪೇಟೆಗೆ ಹೋಗಿ ದಿನಕ್ಕೆ ಇಷ್ಟು ಅಂತ ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗಿ ಸುಮ್ಮನೆ ನಿಂತಿದ್ದವರನ್ನು ಕರೆಯುತ್ತಾನೆ. ಆರಕ್ಕೆ ಎಲ್ಲರಿಗೂ ಒಂದೇ ಕೂಲಿ. ಇನ್ಶೂರೆನ್ಸಿನ ಹುಡುಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಮಗೆ ಪಾಠ ಮಾಡುವ ಮೇಷ್ಟ್ರು ಗಂಟಲು ಸರಿಮಾಡಿಕೊಂಡು "ಇದು ಕೃಪೆಯ ವಿಚಾರ" ಅಂತ ಶುರು ಮಾಡುವಷ್ಟರಲ್ಲಿ, ಎಂದೂ ಬಾಯಿ ಬಿಡದ ರೈಟರು ಕಾಫಿ ಲೋಟ ಕೆಳಗಿಟ್ಟರು.

ನಮ್ಮ ಕಡೆ ರೈಟರು ಅಂದರೆ ಕತೆ ಬರೆಯುವವರಲ್ಲ, ಕಾಫಿ ತೋಟದಲ್ಲಿ ಹಾಜರಿ ಬರೆಯುವವರು. ಇವರು ಮೂಡಿಗೆರೆ ಕಡೆಯ ತೋಟವೊಂದರಲ್ಲಿ 34 ವರ್ಷ ಚೆಕ್‌ರೋಲ್ ಬರೆದವರು.

"ಅಲ್ಲ ಮಾರಾಯ್ರೆ," ಅಂದರು, "ದಿನಕ್ಕೆ ಐದು ಸಲ ಸಾಹುಕಾರ್ರೇ ಪೇಟೆಗೆ ಹೋಗಿ ಆಳು ಕರ್ಕೊಂಡು ಬರ್ತಾರೆ. ಆ ಪಾರುಪತ್ಯಗಾರ ಎಲ್ಲಿ ಸತ್ತಿದ್ದ?"

ಯಾರೂ ಇದನ್ನು ಯೋಚಿಸಿರಲಿಲ್ಲ. ಮೇಷ್ಟ್ರು ಮತ್ತೆ ಓದಿ ನೋಡಿದರು. ನಿಜವೇ. ಪಾರುಪತ್ಯಗಾರ, ಅಂದರೆ ಯಜಮಾನನ ಪರವಾಗಿ ಕೆಲಸ ನೋಡಿಕೊಳ್ಳುವವನು, ಕತೆಗೆ ಬರುವುದೇ ಸಂಜೆ, ದುಡ್ಡು ಎಣಿಸುವ ಹೊತ್ತಿಗೆ.

"ಇಷ್ಟು ತೋಟಕ್ಕೆ ಇಷ್ಟು ಆಳು ಅಂತ ಹಿಂದಿನ ಸಂಜೇನೇ ಮೇಸ್ತ್ರಿ ಹತ್ರ ಕೂತು ಲೆಕ್ಕ ಹಾಕ್ಬೇಕು. ಐದು ಗಂಟೆಗೆ ಬಂದವನು ಎಂಥ ಕೊಯ್ದಾನು? ಚೀಲ ಸೊಂಟಕ್ಕೆ ಕಟ್ಟೋದ್ರೊಳಗೆ ಸೀಟಿ. ಅದೂ ಹೋಗ್ಲಿ. ಬಟವಾಡೆ ಹಿಂದಿನಿಂದ ಯಾಕೆ ಶುರು ಮಾಡ್ಬೇಕಿತ್ತು?"

ಯಜಮಾನ ಕಡೆಯಲ್ಲಿ ಬಂದವರಿಂದ ಹಿಡಿದು ಮೊದಲು ಬಂದವರ ತನಕ ಕೂಲಿ ಕೊಡು ಅನ್ನುತ್ತಾನೆ. ರೈಟರ ಪ್ರಕಾರ ಇಡೀ ಗಲಾಟೆಗೆ ಮೂಲ ಇದು. ಮೊದಲು ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ದುಡ್ಡು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ಹಿಂದೆ ಯಾರಿಗೆ ಎಷ್ಟು ಸಿಕ್ಕಿತೆಂದು ತಿಳಿಯುತ್ತಲೇ ಇರಲಿಲ್ಲ. "ಗೊಣಗೋಕೆ ಅಂತಾನೇ ನಿಲ್ಸಿಟ್ಟ ಹಾಗಾಯ್ತು. ನಾನಾಗಿದ್ರೆ ಆ ಯಜಮಾನರಿಗೆ ಮೊದ್ಲೇ ಹೇಳ್ತಿದ್ದೆ."

ಆಮೇಲೆ ಅವರನ್ನು ತಡೆಯುವವರಿರಲಿಲ್ಲ. ಶನಿವಾರದ ಬಟವಾಡೆ ಬಂತು. ಆಫೀಸಿನ ಕಿಟಕಿಯ ಸರಳಿಗೆ ನೇತುಹಾಕಿದ ಪೆಟ್ರೋಮ್ಯಾಕ್ಸ್, ಅದಕ್ಕೆ ಮುತ್ತುವ ಹುಳ, ಕಾಫಿ ತೊಗಟೆಯ ಕಲೆಯಿಂದ ಕಪ್ಪಾದ ಹೆಬ್ಬೆಟ್ಟಿಗೆ ಮತ್ತೆ ಇಂಕ್ ಪ್ಯಾಡಿನ ಕಪ್ಪು. ಗುರುತೇ ಮೂಡದ ಹೆಬ್ಬೆಟ್ಟುಗಳಿದ್ದವಂತೆ, ಸವೆದು ನುಣ್ಣಗಾಗಿ. ಎಷ್ಟು ಒತ್ತಿದರೂ ಬರೀ ಒಂದು ಕಪ್ಪು ಬೊಟ್ಟು. ಚಿಲ್ಲರೆ ಸಾಲದೆ ಮೂರು ಜನಕ್ಕೆ ಒಂದು ದೊಡ್ಡ ನೋಟು ಕೊಟ್ಟು "ಸಂತೇಲಿ ಮುರಿಸ್ಕೊಳ್ಳಿ" ಅಂದರೆ, ಮೂವರೂ ಭಾನುವಾರವಿಡೀ ಒಬ್ಬರ ಹಿಂದೊಬ್ಬರು ಸಂತೆ ಸುತ್ತುತ್ತಿದ್ದರಂತೆ, ನೋಟು ಹಿಡಿದವಳನ್ನು ಕಣ್ಣಿನಿಂದ ಬಿಡದೆ.

ಒಂದು ಸಲ ಇವರೇ ಮತ್ತಾಯ ಇಪ್ಪತ್ತು ಮಾಡಿಬಿಟ್ಟಿದ್ದರು. ಮಗುವಿಗೆ ಜ್ವರ ಅಂತ ಒಬ್ಬಳು ಮಧ್ಯಾಹ್ನ ಕಳೆದ ಮೇಲೆ ಬಂದಳು. ವಾರದ ಕೊನೆಗೆ ನೋಡಿದರೆ ಅವಳ ಹೆಸರಿನ ಮುಂದೆ ಪೂರ್ತಿ ಹಾಜರಿ, ಕೆಳಗಿನ ಸಾಲಿನವಳಿಗೆ ಅರ್ಧ. "ದಯೆ ಅಲ್ಲ, ಕನ್ನಡಕ" ಅಂದರು ರೈಟರು. "ನಂಬರ್ ಏರಿತ್ತು, ಬದಲಾಯಿಸಿರ್ಲಿಲ್ಲ. ಸಾಲು ತಪ್ತು." ಕೊಟ್ಟದ್ದನ್ನು ಕಿತ್ತುಕೊಳ್ಳುವ ಹಾಗಿಲ್ಲ. ಕೆಳಗಿನವಳಿಗೂ ಪೂರ್ತಿ ಕೊಟ್ಟರು. ಆಳುಗಳಿರುವ ಇಡೀ ಲೈನ್ ಮನೆಗೆ ಸುದ್ದಿ ಹೋಗಿ, ಸೋಮವಾರ ಬೆಳಿಗ್ಗೆ ಅರ್ಧ ಆಳು ತಡವಾಗಿ ಬಂದರು, ನಮಗೂ ಬರೀರಿ ಅಂತ.

ಮೇಷ್ಟ್ರಿಗೆ ಆವೇಶ ಬಂತು. "ನೋಡಿ! ಇದೇ ಕೃಪೆ!"

"ಎಂಥ ಕೃಪೆ ಸಾರ್, ನನ್ನ ಸಂಬಳದಲ್ಲಿ ಹೋಯ್ತು."

ಮೇಷ್ಟ್ರು ಸೋಲುವವರಲ್ಲ. ಮೋಶೆಯ ನಿಯಮಗಳಿರುವ ಯಾಜಕಕಾಂಡ ಹತ್ತೊಂಬತ್ತಕ್ಕೆ ಹಾರಿದರು. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನ ತನಕ ಇಟ್ಟುಕೊಳ್ಳಬಾರದು ಅಂತ ಅಲ್ಲಿದೆ. ಹಾಗಾದರೆ ವಾರದ ಬಟವಾಡೆ ಪಾಪವೋ? ಬ್ಯಾಂಕಿನವರು ತಿಂಗಳ ಸಂಬಳದ ಗತಿ ಏನು ಅಂದರು. ಅದೇ ಅಧ್ಯಾಯದಲ್ಲಿ ದ್ರಾಕ್ಷಿ ತೋಟದಲ್ಲಿ ಉದುರಿದ ಹಣ್ಣನ್ನು ಆರಿಸಬೇಡಿ, ಬಡವರಿಗೂ ಪರದೇಶಿಗೂ ಬಿಡಿ ಅಂತಲೂ ಇದೆ. ರೈಟರು ತಲೆ ಅಲ್ಲಾಡಿಸಿದರು. "ಆಗಲ್ಲ. ಉದುರು ಬಿಟ್ರೆ ಕಾಯಿಕೊರಕ. ನೆಲದ ಮೇಲೆ ಒಂದು ಹಣ್ಣೂ ಬಿಡ್ಬೇಡಿ ಅಂತ ಕಾಫಿ ಬೋರ್ಡಿನವರು ಹೇಳ್ತಾರೆ." ಅದೂ ಸುಳ್ಳಲ್ಲ. ಆ ಹುಳ ನಮ್ಮ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ. ಉದುರಿದ ಹಣ್ಣಿನೊಳಗೆ ಬೆಚ್ಚಗೆ ಕೂತು ಮುಂದಿನ ಫಸಲಿಗೆ ಕಾಯುತ್ತದೆ. ಹಾಗಾದರೆ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ಮಾಡುತ್ತಿರುವವರ ಮಾತು ಕೇಳಬೇಕೋ, ಮೋಶೆಯ ಮಾತು ಕೇಳಬೇಕೋ? "ಆಯ್ಕೊಂಡು ಬಡವರಿಗೆ ಕೊಟ್ರೆ ಆಯ್ತಲ್ಲ" ಅಂದರು ವರ್ಕ್‌ಶಾಪಿನವರು. ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಇಷ್ಟು ಸುಲಭದ ಉತ್ತರ ನಮ್ಮ ಗುಂಪಿಗೆ ರೂಢಿಯಿಲ್ಲ. ಅದನ್ನು ಯಾರೂ ಮುಂದುವರಿಸಲಿಲ್ಲ.

ಗಂಟೆ ಒಂಬತ್ತು ದಾಟಿತ್ತು. ಇಷ್ಟು ಹೊತ್ತು ನಾವು ಎಂದೂ ಕೂತವರಲ್ಲ. ಆರೂವರೆಯಿಂದ ಏಳೂಮುಕ್ಕಾಲರ ತನಕ ಮೇಷ್ಟ್ರು ಸಿದ್ಧ ಮಾಡಿಕೊಂಡು ಬಂದ ಪಾಠ ಏನಿತ್ತು ಅಂತ ಈಗ ಕೇಳಿದರೆ ನನಗೆ ನೆನಪಿಲ್ಲ. ಸವೆದ ಹೆಬ್ಬೆಟ್ಟು ನೆನಪಿದೆ. ಇದರಿಂದ ಏನೋ ಹೊಳೆಯಬೇಕಿತ್ತು, ಹೊಳೆಯಿತು ಅಂತ ಆ ರಾತ್ರಿ ಅನ್ನಿಸಿಯೂ ಇತ್ತು. ಬೆಳಿಗ್ಗೆ ಏಳುವಷ್ಟರಲ್ಲಿ ಹೋಗಿಬಿಟ್ಟಿತ್ತು. ಕುರ್ಚಿಗಳನ್ನು ಮತ್ತೆ ಒಂದರೊಳಗೊಂದು ತುರುಕಿದ್ದು ನಾನೇ, ಅದನ್ನೂ ಹೇಳಿಬಿಡುತ್ತೇನೆ.

ರೈಟರು ಜಗಲಿಯಲ್ಲಿ ಚಪ್ಪಲಿ ಹುಡುಕುತ್ತ ಕೇಳಿದರು, "ಆ ಪಾರುಪತ್ಯಗಾರನ ಹೆಸರು ಎಲ್ಲೂ ಬರೆದಿಲ್ಲ ಅಲ್ವಾ?"

"ಇಲ್ಲ."

"ರೈಟರ ಹೆಸರು ಯಾರು ಬರೀತಾರೆ" ಅಂದು ಮಳೆಗೆ ಇಳಿದರು.

ನಾನೂ ಹೊರಡೋಣವೆಂದು ಮೂಲೆ ನೋಡಿದರೆ ನನ್ನ ಕೊಡೆ ಇಲ್ಲ. ಮರದ ಹಿಡಿಯ ಹಳೇ ಕೊಡೆ, ಎರಡು ಸಲ ಕಡ್ಡಿ ಹಾಕಿಸಿದ್ದು. ಅದು ಯಾವ ಕಡೆ ಹೋಗಿದೆ ಅಂತ ಯೋಚಿಸಬೇಕಾಗಿರಲಿಲ್ಲ. ಕಡೆಯಲ್ಲಿ ಬಂದವನು ಎಲ್ಲರಿಗಿಂತ ಮೊದಲು ಎದ್ದು ಹೋಗಿದ್ದ. ಮನೆ ಮುಟ್ಟುವಷ್ಟರಲ್ಲಿ ಜೇಬಿನ ಬೈಬಲೂ ನಾನೂ ಒಂದೇ ಸಮ ನೆಂದಿದ್ದೆವು. ತಲೆ ಒರೆಸಿಕೊಳ್ಳುತ್ತಲೇ ಫೋನ್ ಮಾಡಿದೆ. "ಅಯ್ಯೋ, ಹೌದು ಸಾರ್, ನಿಮ್ದೇ ಬಂದಿದೆ" ಅಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಮತ್ತಾಯ ಐದು ನಲವತ್ತು ಸಾರ್" ಅಂತಲೂ ಸೇರಿಸಿದ.

ಫೋನಿಟ್ಟು ತೆಗೆದು ನೋಡಿದೆ. ವ್ಯಾಜ್ಯ ಮಾಡಿ ನಿನ್ನ ಒಳಂಗಿಯನ್ನು ತೆಗೆದುಕೊಳ್ಳಬೇಕೆಂದಿರುವವನಿಗೆ ಮೇಲಂಗಿಯನ್ನೂ ಬಿಡು ಅಂತಿದೆ. ಅದರಲ್ಲಿ ಒಳಂಗಿಯ ಮಾತಿದೆ, ಮೇಲಂಗಿಯ ಮಾತಿದೆ. ಕೊಡೆಯ ಮಾತಿಲ್ಲ. ಬುಧವಾರ ತರುತ್ತೇನೆ ಅಂದಿದ್ದಾನೆ. ಎಷ್ಟು ಗಂಟೆಗೆ ಅಂತ ಹೇಳಿಲ್ಲ.