ಹೆಂಪ್ ಬೆಳೆ: ಕೋಲಾರದ ಹೊಲಕ್ಕೆ ಬರಲೇ, ಬೇಡವೇ?

ಪರ

ಹೋದ ಬೇಸಿಗೆಯಲ್ಲಿ ಟೊಮೆಟೊಗೆ ಸಿಕ್ಕ ರೇಟು ಬಿಡಿಸುವ ಕೂಲಿಗೂ ಸಾಲದೆ ಹಣ್ಣನ್ನು ಗಿಡದಲ್ಲೇ ಬಿಟ್ಟವನು ನಾನು. ಹಾಗಾಗಿ ಹೊಸ ಬೆಳೆ ಅಂದರೆ ಕಿವಿ ನೆಟ್ಟಗಾಗುತ್ತದೆ. ಹೆಂಪ್ ಅಂದರೆ ನಾರು, ಬೀಜಕ್ಕಾಗಿ ಬೆಳೆಯುವ, ಅಮಲು ತೀರಾ ಕಡಿಮೆಯ ಗಿಡ; ಹೆಸರು ಕೇಳಿದ ಕೂಡಲೇ ಊರವರು ಗಾಂಜಾ ಅಂತಾರೆ. ಜಾತಿ ಒಂದೇ, ಸುಳ್ಳಲ್ಲ. ಕಹಿ ಸೋರೆ, ಸಿಹಿ ಸೋರೆಯೂ ಒಂದೇ ಜಾತಿ. ಅಷ್ಟಕ್ಕೆ ಸಾರಿಗೆ ಸೋರೆ ಹಾಕುವುದನ್ನು ಯಾರಾದರೂ ಬಿಟ್ಟಿದ್ದಾರೆಯೇ?

ಅಮಲು ಬರುವ ಟಿಎಚ್‌ಸಿ, ಬಾರದ ಸಿಬಿಡಿ ಎರಡೂ ಗಿಡದಲ್ಲಿ ಹುಟ್ಟುವುದು ಸಿಬಿಜಿಎ ಎಂಬ ಒಂದೇ ಆಮ್ಲದಿಂದ. ಯಾವ ಕಿಣ್ವ ಅದನ್ನು ಯಾವ ಕಡೆಗೆ ತಿರುಗಿಸುತ್ತದೆ ಎಂಬುದು ಬೀಜದಲ್ಲೇ ಬಂದಿರುತ್ತದೆ. ಗೊಬ್ಬರ, ಬಿಸಿಲು ಆ ಅನುಪಾತವನ್ನು ಅಷ್ಟಾಗಿ ಅಲುಗಾಡಿಸವು. ಮೇಲಾಗಿ ಅಮಲಿನ ಅಂಶ ಕೂಡುವುದು ಹೆಣ್ಣು ಹೂವಿನ ಸುತ್ತಲಿನ ಅಂಟಂಟು ರೋಮಗಳ ತುದಿಯ ಹನಿಯಲ್ಲಿ. ನಮಗೆ ಬೇಕಾದದ್ದು ದಂಟಿನ ನಾರು ಮತ್ತು ಬೀಜ.

ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ 14ನೇ ಕಲಮಿನಲ್ಲೇ ನಾರು, ಬೀಜಕ್ಕಾಗಿ ಬೆಳೆಯಲು ಅನುಮತಿ ಕೊಡುವ ಅವಕಾಶವಿದೆ. ಟಿಎಚ್‌ಸಿ ಶೇ 0.3 ಮೀರದ ತಳಿಗೆ ಉತ್ತರಾಖಂಡ ಒಪ್ಪಿದೆ. 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಬೀಜವನ್ನೂ ಅದರ ಎಣ್ಣೆಯನ್ನೂ ಆಹಾರವೆಂದು ಒಪ್ಪಿತು. ನಾವು ಮಾತ್ರ ಬೋರ್‌ವೆಲ್ ಇನ್ನೂ ಆಳಕ್ಕೆ ಕೊರೆಸುತ್ತಾ ಕೂರಬೇಕೇ?

ವಿರೋಧ

ಸೋರೆಯ ಮಾತು ಚೆನ್ನಾಗಿದೆ. ಆದರೆ ಕಹಿ ಸೋರೆಯ ಬಳ್ಳಿ ಪಕ್ಕದಲ್ಲಿದ್ದರೆ, ಎತ್ತಿಟ್ಟ ಬೀಜ ಮುಂದಿನ ವರ್ಷ ಏನಾಗುತ್ತದೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಇದಂತೂ ಗಾಳಿಯಲ್ಲೇ ಪರಾಗ ತೂರುವ ಗಿಡ. ಬದು ನೋಡಿ ನಿಲ್ಲುವುದಿಲ್ಲ.

ಅನುಪಾತ ಅಲುಗದು ಎಂಬುದನ್ನು ಕೆಮಿಸ್ಟ್ರಿ ಓದಿದ ನಾನು ಒಪ್ಪುತ್ತೇನೆ. ಆದರೆ ಕಾನೂನು ಅಳೆಯುವುದು ಅನುಪಾತವನ್ನಲ್ಲ, ಟಿಎಚ್‌ಸಿಯ ಪ್ರಮಾಣವನ್ನು. ಸಿಬಿಡಿ ಮಾಡುವ ಕಿಣ್ವವೇ ಜೊತೆಯಲ್ಲಿ ತುಸು ಟಿಎಚ್‌ಸಿಯನ್ನೂ ಚೆಲ್ಲುತ್ತದೆ. ಹೂ ಬಲಿತಂತೆ ಎರಡೂ ಏರುತ್ತವೆ. ಕೊಯ್ಲಿಗೆ ಆಳು ಸಿಗದೆ ಹತ್ತು ದಿನ ತಡವಾಯಿತೋ, 0.3 ದಾಟಿದರೂ ದಾಟಿತು.

ಇನ್ನು ಹಗಲಿನ ಲೆಕ್ಕ. ಯುರೋಪಿನ ನಾರಿನ ತಳಿಗಳು ಉದ್ದ ಹಗಲಿನಲ್ಲಿ ಆಳೆತ್ತರ ಮೀರಿ ಬೆಳೆದು, ಹಗಲು ಕುಗ್ಗಿದಾಗ ಹೂ ಬಿಡುವಂಥವು. ಕೋಲಾರದಲ್ಲಿ ಜೂನ್ ತಿಂಗಳ ಹಗಲೂ 13 ಗಂಟೆ ತುಂಬುವುದಿಲ್ಲ. ಗಿಡ್ಡಗಿರುವಾಗಲೇ ಹೂ ಬಂದರೆ ನಾರೆಲ್ಲಿ?

ನನ್ನ ದೊಡ್ಡ ತಕರಾರು ಸ್ಯಾಂಪಲ್ಲಿನದು. ಹಸಿ ಗಿಡದಲ್ಲಿ ಇರುವುದು ಬಹುಪಾಲು ಟಿಎಚ್‌ಸಿ ಅಲ್ಲ, ಟಿಎಚ್‌ಸಿಎ ಎಂಬ ಆಮ್ಲ. ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹಾರಿ, 100 ಗ್ರಾಂ ಆಮ್ಲ ಹೆಚ್ಚೆಂದರೆ 87.7 ಗ್ರಾಂ ಟಿಎಚ್‌ಸಿ ಆಗುತ್ತದೆ. ಕಾಯಿಸಿ ಅಳೆಯುವ ಲ್ಯಾಬಿನದು ಒಂದು ಅಂಕಿ. ಕಾಯಿಸದೆ, ಆಮ್ಲವನ್ನು ಲೆಕ್ಕಕ್ಕೆ ಹಿಡಿಯದೆ ಅಳೆದರೆ ಅದೇ ಹೂವಿನದು ಇನ್ನೊಂದು. ಅಷ್ಟರಲ್ಲೇ ಗಾಳಿ, ಬೆಳಕು ಸೇರಿ ಟಿಎಚ್‌ಸಿಯನ್ನು ಸಿಬಿಎನ್ ಎಂಬ, ಅಮಲು ತೀರಾ ಕಡಿಮೆಯ ಬೇರೆ ವಸ್ತುವಾಗಿ ಮಾಡುತ್ತಿರುತ್ತವೆ. ಮಾಮೂಲಿ ಕೋಣೆಯಲ್ಲಿಟ್ಟ ಗಾಂಜಾದಲ್ಲಿ ಟಿಎಚ್‌ಸಿ ಮೊದಲ ವರ್ಷವೇ ಸುಮಾರು ಶೇ 17, ನಾಲ್ಕು ವರ್ಷಕ್ಕೆ ಶೇ 40ಕ್ಕೂ ಮೇಲೆ ಇಳಿದದ್ದನ್ನು ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದವರು ಅಳೆದಿದ್ದಾರೆ.

ಮೊದಲ ರಿಪೋರ್ಟಿನಲ್ಲಿ 0.34 ಬಂತೆಂದುಕೊಳ್ಳಿ; ಬೆಳೆಗೆ ಬೆಂಕಿ. ಒಂದು ವರ್ಷದ ನಂತರ, ಉಳಿಸಿಟ್ಟ ಪೊಟ್ಟಣ ಮರುಪರೀಕ್ಷೆಗೆ ಹೋಗಿ 0.28 ಎಂದು ವಾಪಸು ಬರುತ್ತದೆ. ಸುಟ್ಟ ಎಕರೆಗೆ ಯಾರನ್ನು ಕೇಳಬೇಕು, ತಹಶೀಲ್ದಾರರನ್ನೋ ಲ್ಯಾಬಿನವರನ್ನೋ?