ತಾಯಿಯಿಲ್ಲದ ಬೆಕ್ಕಿನ ಮರಿಗಳಿಗೆ ಬಾಟಲಿ ಬಿಡಿಸುವ ಕುರಿತು ಸ್ಪಷ್ಟನೆ

ತಾಯಿಯಿಲ್ಲದ ಬೆಕ್ಕಿನ ಮರಿಗಳು ಕಣ್ಣು ಬಿಟ್ಟೊಡನೆ ಬಾಟಲಿ ನಿಲ್ಲಿಸಿ, ಹಸುವಿನ ಹಾಲಿನಲ್ಲಿ ಕಲಸಿದ ಅನ್ನ ಕೊಡಬಹುದು ಎಂಬ ಸಂದೇಶವೊಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದರ ಎರಡು ಸಲಹೆಗಳೂ ತಪ್ಪು.

ಮರಿ ಕಣ್ಣು ಬಿಡುವುದು ಹುಟ್ಟಿದ 7ರಿಂದ 14 ದಿನಗಳೊಳಗೆ. ಆಗ ಅದಕ್ಕೆ ಹಲ್ಲೂ ಇರುವುದಿಲ್ಲ, ತಟ್ಟೆಯಿಂದ ನೆಕ್ಕುವುದೂ ತಿಳಿದಿರುವುದಿಲ್ಲ. ಬಾಟಲಿ ಬಿಡಿಸಲು ಆರಂಭಿಸಬೇಕಾದದ್ದು ಸುಮಾರು 4ನೇ ವಾರದಲ್ಲಿ. ಅದು ಪೂರ್ತಿಯಾಗುವುದು 6ರಿಂದ 8ನೇ ವಾರದ ಹೊತ್ತಿಗೆ. ಬೆಕ್ಕಿನ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ಕದಡಿ, ಅದರಲ್ಲಿ ಮರಿಗಳ ಆಹಾರವನ್ನು ಗಂಜಿಯಂತೆ ಕಲಸಿ ಅಗಲವಾದ ತಟ್ಟೆಯಲ್ಲಿಟ್ಟು, ಮರಿ ತಾನಾಗಿ ತಿನ್ನುವುದು ಹೆಚ್ಚಿದಂತೆ ಬಾಟಲಿಯ ಸರದಿಗಳನ್ನು ಒಂದೊಂದಾಗಿ ಕಡಿಮೆ ಮಾಡಬೇಕು. ಮೊದಮೊದಲು ಅದು ತಟ್ಟೆಯೊಳಗೇ ಕಾಲಿಟ್ಟು ಮೈಯೆಲ್ಲ ಮೆತ್ತಿಕೊಳ್ಳುವುದು ಸಹಜ. ಅದನ್ನೆಲ್ಲ ತಿಂದ ಲೆಕ್ಕಕ್ಕೆ ಸೇರಿಸಬಾರದು. ಪ್ರತಿದಿನ ತೂಗಿ ನೋಡಿ, ತೂಕ ಏರದಿದ್ದರೆ ಬಾಟಲಿಗೆ ಮರಳಬೇಕು.

ಬೆಕ್ಕಿನ ಹಾಲಿಗೆ ಹೋಲಿಸಿದರೆ ಹಸುವಿನ ಹಾಲಿನಲ್ಲಿ ಪ್ರೋಟೀನ್ ಮತ್ತು ಕೊಬ್ಬು ಕಡಿಮೆ, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹೆಚ್ಚು. ಇದರಿಂದ ಭೇದಿಯಾದರೆ ಅಷ್ಟು ಸಣ್ಣ ಮೈಯ ನೀರಿನಂಶ ಬೇಗ ಬತ್ತಿ ಪ್ರಾಣಕ್ಕೇ ಅಪಾಯವಾಗುತ್ತದೆ. ಬೆಕ್ಕಿಗೆ ಅತ್ಯಗತ್ಯವಾದ ಟಾರಿನ್ ಎಂಬ ಪೋಷಕಾಂಶ ಮಾಂಸದಲ್ಲಿದೆಯೇ ಹೊರತು ಅನ್ನದಲ್ಲಿಲ್ಲ.

ದಯವಿಟ್ಟು ಆ ತಪ್ಪು ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ವಿವರವನ್ನೂ ತಲುಪಿಸಿ.