ಬಾಯಿಮಾತಿನ ಆರ್ಡರಿಗೆ ಬಿಲ್ ಆಗಲ್ಲ

ಬಾಯಿಮಾತಿನ ಮೇಲೆ ಕಟ್ಟಿದ ಅಂಡರ್‌ಪಾಸಿಗೆ ಆರ್ಡರ್ ಕೇಳಿದ ಫೈಲು ಇವತ್ತು ಮತ್ತೆ ವಾಪಸ್ ಬಂತು. ಮೇಲೆ ಹಸಿರು ಶಾಯಿಯಲ್ಲಿ ಒಂದೇ ಸಾಲು: 'ದರ ವಿಶ್ಲೇಷಣೆ ಲಗತ್ತಿಸಿ.' ಕೆಲಸದ ದರ ಹೇಗೆ ಬಂತು ಅಂತ ತೋರಿಸುವ ಆ ಲೆಕ್ಕ ಅದೇ ಫೈಲಿನಲ್ಲಿದೆ, ಚೀಟಿ ಅಂಟಿಸಿಯೇ ಕೊಟ್ಟಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಹೆದ್ದಾರಿ ಕೆಲಸದ ಬಿಲ್ಲಿಂಗ್ ನೋಡಿಕೊಳ್ಳೋದು ನಿಮಗೆಲ್ಲ ಗೊತ್ತು. ನಮ್ಮದು ಇಪಿಸಿ ಗುತ್ತಿಗೆ. ಡಿಸೈನ್ ಮಾಡೋದೂ ಗುತ್ತಿಗೆದಾರನೇ, ಕಟ್ಟೋದೂ ಅವನೇ, ಮೊತ್ತ ಮೊದಲೇ ನಿಗದಿ. ಏನೇನು ಕಟ್ಟಬೇಕು ಅನ್ನೋದು ಒಪ್ಪಂದದ ಅನುಬಂಧವಾದ ಷೆಡ್ಯೂಲ್ ಬಿಯಲ್ಲಿ, ಯಾವ ಹಂತಕ್ಕೆ ಶೇಕಡಾ ಎಷ್ಟು ಹಣ ಅನ್ನೋದು ಷೆಡ್ಯೂಲ್ ಎಚ್‌ನಲ್ಲಿ. ತನ್ನ ಡಿಸೈನಿನಿಂದಲೇ ಕಬ್ಬಿಣ ಜಾಸ್ತಿ ಹಿಡಿದರೆ ಅದು ಗುತ್ತಿಗೆದಾರನ ತಲೆಗೆ. ಅದಕ್ಕೆ ನನ್ನ ತಕರಾರಿಲ್ಲ. ಷೆಡ್ಯೂಲಿನಲ್ಲೇ ಇಲ್ಲದ್ದನ್ನು ಕಟ್ಟಿಸಿದರೆ ಅದು ಚೇಂಜ್ ಆಫ್ ಸ್ಕೋಪ್, ಅಂದರೆ ಕೆಲಸದ ವ್ಯಾಪ್ತಿಯ ಬದಲಾವಣೆ. ಒಪ್ಪಂದದ 13ನೇ ವಿಧಿ ಪ್ರಕಾರ, ತುರ್ತು ಸಂದರ್ಭ ಬಿಟ್ಟರೆ, ಆದೇಶ ಕೈಗೆ ಬರದೆ ಅಂಥ ಕೆಲಸ ಶುರು ಮಾಡುವಂತಿಲ್ಲ.

ಸೈಟಿನಲ್ಲಿ ಆಗೋದೇ ಬೇರೆ. ಊರವರು ರಸ್ತೆಗೆ ಅಡ್ಡ ಕೂರುತ್ತಾರೆ. ಮನೆ ಈಚೆ, ಹೊಲ ಆಚೆ, ದನ ದಾಟೋದೆಲ್ಲಿ ಅಂತ ಕೇಳುತ್ತಾರೆ. ನ್ಯಾಯವಾದ ಮಾತು. ಕೆಲಸ ಮಾಡಿಸುವ ಕಡೆಯ ಸಾಹೇಬರು ಬಂದು ನೋಡಿ, 'ಶುರು ಮಾಡ್ರಿ, ಪೇಪರ್ ಆಮೇಲೆ ಮಾಡ್ಕೊಳ್ಳೋಣ' ಅಂತಾರೆ. ಬೇಡ ಅಂದರೆ ಇಡೀ ಕೆಲಸ ನಿಲ್ಲುತ್ತೆ. ಕಟ್ಟಿ ಮುಗಿದು ಟ್ರ್ಯಾಕ್ಟರ್ ಓಡಾಡಿದ ಮೇಲೂ ಆರ್ಡರ್ ಇಲ್ಲ!

'ಕಂಟ್ರಾಕ್ಟರ್‌ಗಳು ಬದಲಾವಣೆ ಹೆಸರಲ್ಲಿ ದೋಚ್ತಾರೆ, ಬಿಗಿ ಇರ್ಲೇಬೇಕು' ಅಂತ ಕಾಮೆಂಟ್ ಬರುತ್ತೆ. ದೋಚುವವರಿದ್ದಾರೆ, ನೋಡಿದ್ದೇನೆ. ಅದಕ್ಕೇ ಸರ್ಕಾರದ ಮಾದರಿ ಇಪಿಸಿ ಒಪ್ಪಂದದಲ್ಲಿ, ಎರಡೂ ಕಡೆಯವರು ಒಪ್ಪದ ಹೊರತು, ಇಂಥ ಬದಲಾವಣೆಗಳೆಲ್ಲ ಸೇರಿ ಗುತ್ತಿಗೆ ಮೊತ್ತದ ಶೇ 10 ದಾಟಬಾರದು ಅಂತ ಇರೋದು. ಆದೇಶ ಮೊದಲೇ ಕೊಟ್ಟರೆ ದರವೂ ಆಗಲೇ ಇತ್ಯರ್ಥ. ಮೊದಲು ಮಾಡಿಸಿ ಆಮೇಲೆ ಎಳೆದಾಡಿದಾಗಲೇ ಮೇಜಿನ ಕೆಳಗಿನ ವ್ಯವಹಾರ ಹುಟ್ಟೋದು.

2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಒಂದು ಒಳ್ಳೆಯ ಸೂಚನೆ ಹೊರಡಿಸಿತು: ಬಿಲ್ ಸಲ್ಲಿಸಿದ 10 ಕೆಲಸದ ದಿನಗಳಲ್ಲಿ ಕನಿಷ್ಠ ಶೇ 75 ಕೊಡಿ, ಉಳಿದದ್ದನ್ನು ಪರಿಶೀಲಿಸಿ 28 ಕೆಲಸದ ದಿನಗಳಲ್ಲಿ ಕೊಡಿ ಅಂತ. ಆದರೆ ಆರ್ಡರೇ ಇಲ್ಲದ ಕೆಲಸಕ್ಕೆ ಬಿಲ್ ಹಾಕೋದು ಹೇಗೆ? ಆ ದಿನಗಳ ಲೆಕ್ಕ ಶುರುವೇ ಆಗಲ್ಲ.

ದೊಡ್ಡ ಕಂಪನಿ ಹೇಗೋ ತಡೆದುಕೊಳ್ಳುತ್ತೆ. ಷಟ್ರಿಂಗ್ ಮೇಸ್ತ್ರಿ ತಡೆದುಕೊಳ್ಳಲ್ಲ. 'ಸಾರ್, ಹಬ್ಬಕ್ಕೆ ಹುಡುಗ್ರನ್ನ ಊರಿಗೆ ಕಳಿಸ್ಬೇಕು, ಏನಾದ್ರೂ ಮಾಡಿ' ಅಂತ ಅವನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಈ ಕೆಲಸವೇ ಬೇಡ ಅನ್ನಿಸಿಬಿಟ್ಟಿತ್ತು.

ದಾರಿ ಇಲ್ಲ ಅಂತೇನಿಲ್ಲ. ಮಾಲೀಕರೇ ಡಿಸೈನ್ ಕೊಡುವ ಕಾಮಗಾರಿಗಳಿಗೆ ಫಿಡಿಕ್ (ಸಲಹಾ ಇಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ) 1999ರಲ್ಲಿ ತಂದ ಮಾದರಿ ಕರಾರಿನಲ್ಲಿ ಒಂದು ನಿಯಮವಿದೆ. ಇಂಜಿನಿಯರ್ ಬಾಯಲ್ಲಿ ಹೇಳಿದ್ದನ್ನು ಗುತ್ತಿಗೆದಾರ ಎರಡು ಕೆಲಸದ ದಿನಗಳೊಳಗೆ ಬರೆದು ಕಳಿಸಬೇಕು. ಅದು ತಲುಪಿ ಎರಡು ಕೆಲಸದ ದಿನಗಳಲ್ಲಿ ಇಂಜಿನಿಯರ್ ಲಿಖಿತ ಉತ್ತರ ಕೊಡದಿದ್ದರೆ ಆ ಪತ್ರವೇ ಲಿಖಿತ ಆದೇಶ. ನಮ್ಮ ಇಪಿಸಿ ಒಪ್ಪಂದಕ್ಕೂ ಇದನ್ನು ಸೇರಿಸಲಿ. ಬರೆಯಲು ಮನಸ್ಸಿಲ್ಲದ ಸಾಹೇಬರು ಸೈಟಿಗೆ ಬಂದು 'ಶುರು ಮಾಡ್ರಿ' ಅನ್ನೋದನ್ನ ನಿಲ್ಲಿಸಲಿ.